ಬೆಟ್ಟದ ಓಟ ಕಷ್ಟ ಇರ್ಲಿ, ಆದ್ರೆ ಆ ಕಷ್ಟ ಬೆಟ್ಟದ್ದೇ ಆಗಿರ್ಲಿ

ಮಳೆಗಾಲ ಮುಗೀತಿದ್ದಂಗೆ ನಮ್ಮ ಕಡೆ ಟ್ರೇಲ್ ರನ್ನಿಂಗ್, ಅಂದ್ರೆ ಬೆಟ್ಟ ಕಾಡಿನ ಕಾಲುದಾರೀಲಿ ಓಡೋ ಸೀಸನ್ ಶುರು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ (ಅಲ್ಟ್ರಾ ಅಂದ್ರೆ ಮ್ಯಾರಥಾನಿಗಿಂತ ಉದ್ದದ ಓಟ), ಪುಣೆ ಹತ್ರ ಸಿಂಹಗಡ ರಾಜಗಡ ತೋರಣ ಕೋಟೆಗಳನ್ನ ಹತ್ತಿ ಇಳಿಯೋ ಎಸ್‌ಆರ್‌ಟಿ ಅಲ್ಟ್ರಾ, ಜೊತೆಗೆ ಹೊಸ ಹೊಸ ಹೆಸರಲ್ಲಿ ಹುಟ್ಕೊಳ್ತಿರೋ ಸಣ್ಣ ರೇಸ್‌ಗಳು. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತಿ, ಶನಿವಾರ ಬೆಟ್ಟ ಓಡಿ, ಭಾನುವಾರ ಮನೆಗೆ ಬರೋ ಜನ ಜಾಸ್ತಿ ಆಗಿದಾರೆ, ಅದು ಖುಷಿ ವಿಷ್ಯನೇ. ಆದ್ರೆ ಪೋಸ್ಟರ್‌ಗಳಲ್ಲಿ ಎಲ್ರೂ ಹೇಳೋದು ಒಂದೇ ಮಾತು, ನಮ್ಮ ರೇಸೇ ಎಲ್ಲಕ್ಕಿಂತ ಕಠಿಣ ಅಂತ. ಆ ಕಷ್ಟ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲ್ಲ. ಏರು ಜಾಸ್ತಿ ಇತ್ತು ಅಂತ ಕಷ್ಟ ಆಯ್ತಾ, ಅಥ್ವಾ ಹೇಳಿದ ಜಾಗದಲ್ಲಿ ನೀರೇ ಇರ್ಲಿಲ್ಲ ಅಂತ ಕಷ್ಟ ಆಯ್ತಾ? ಮೊದಲನೇದಕ್ಕೆ ಓಟಗಾರರು ಒಪ್ಪಿ, ದುಡ್ಡು ಕಟ್ಟಿ, ತಿಂಗಳುಗಟ್ಲೆ ತಯಾರಿ ಮಾಡ್ಕೊಂಡು ಬಂದಿರ್ತಾರೆ. ಎರಡನೇದಕ್ಕೆ ಯಾರೂ ಒಪ್ಪಿರಲ್ಲ. ಇವೆರಡನ್ನೂ ಒಂದೇ ಮಾಡಿ "ಅಡ್ವೆಂಚರ್ ಅಂದ್ಮೇಲೆ ಇದೆಲ್ಲ ಇದ್ದಿದ್ದೇ" ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ. ಯಾಕೆ ಅಂತ ಹೇಳೋಕೆ ಚೀನಾದ ಗಾನ್ಸುವಿಂದ ಶುರು ಮಾಡ್ಬೇಕು.

2021ರ ಮೇ 22. ಗಾನ್ಸು ಪ್ರಾಂತ್ಯದ ಬೈಯಿನ್ ನಗರದ ವ್ಯಾಪ್ತಿಗೆ ಬರೋ ಜಿಂಗ್‌ಟೈ ಕೌಂಟಿ, ಹಳದಿ ನದಿ ದಡದ ಕಲ್ಲುಗಂಬಗಳ ಪ್ರವಾಸಿ ತಾಣ. 100 ಕಿಲೋಮೀಟರ್ ರೇಸ್, 172 ಜನ ಓಟಗಾರರು, ಬೆಳಗ್ಗೆ 9 ಗಂಟೆಗೆ ಸ್ಟಾರ್ಟ್. ಮಧ್ಯಾಹ್ನದ ಹೊತ್ತಿಗೆ ಮುಂದಿದ್ದೋರು ಎರಡನೇ ಚೆಕ್‌ಪಾಯಿಂಟ್ ದಾಟಿ ಮೂರನೇದರ ಕಡೆ ಹತ್ತುತಿದ್ರು, ಅಷ್ಟರಲ್ಲಿ ಬಿರುಗಾಳಿ, ಆಲಿಕಲ್ಲು, ಕೊರೆಯೋ ಮಳೆ ಎಲ್ಲ ಒಟ್ಟಿಗೆ ಬಂತು. ಹೆಚ್ಚಿನವರ ಮೈಮೇಲೆ ಇದ್ದಿದ್ದು ಟೀ ಶರ್ಟು, ಶಾರ್ಟ್ಸು. 21 ಜನ ಸತ್ರು. ಸತ್ತವರಲ್ಲಿ ಚೀನಾದ ಅತಿ ದೊಡ್ಡ ಅಲ್ಟ್ರಾ ಓಟಗಾರ ಅನ್ನಿಸ್ಕೊಂಡಿದ್ದ ಲಿಯಾಂಗ್ ಜಿಂಗ್ ಇದ್ರು, ಕಿವುಡರ ಮ್ಯಾರಥಾನ್‌ನಲ್ಲಿ ರಾಷ್ಟ್ರ ಮಟ್ಟದಲ್ಲಿ ಗೆದ್ದಿದ್ದ ಹುವಾಂಗ್ ಗುವಾನ್‌ಜುನ್ ಇದ್ರು. ಅಂದ್ರೆ ಸತ್ತಿದ್ದು ತಯಾರಿ ಇಲ್ದೆ ಬಂದ ಹೊಸಬರು ಅಂತ ತಳ್ಳಿಹಾಕೋಕೆ ಆಗಲ್ಲ. ಆಗ ಎಲ್ಲರಿಗಿಂತ ಮುಂದಿದ್ದ ಆರು ಜನರಲ್ಲಿ ಬದುಕಿದ್ದು ಒಬ್ರೇ. ವೇಗವಾಗಿ ಓಡೋರು ಅನ್ನೋ ಒಂದೇ ಕಾರಣಕ್ಕೆ ಅವರು ಆ ಹೊತ್ತಿಗೆ ಬೆಟ್ಟದ ಅತಿ ಬಯಲಾದ ಜಾಗದಲ್ಲಿದ್ರು, ಹಿಂದಿದ್ದವರಲ್ಲಿ ತುಂಬಾ ಜನ ಹವೆ ನೋಡಿ ವಾಪಸ್ ತಿರುಗಿದ್ರು.

ಈ ಎರಡನೇ ಮತ್ತು ಮೂರನೇ ಚೆಕ್‌ಪಾಯಿಂಟ್ ಮಧ್ಯದ ಭಾಗವನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು. ಸುಮಾರು 8 ಕಿಲೋಮೀಟರ್ ದೂರ, ಅದರಲ್ಲೇ ಹತ್ತಿರ ಹತ್ತಿರ 1,000 ಮೀಟರ್ ಏರು, ಕಲ್ಲು ಮಣ್ಣಿನ ದಾರಿ, ಮರ ಇಲ್ಲ, ಮರೆ ಇಲ್ಲ. ಕಾರು ಜೀಪು ಹೋಗೋ ದಾರಿನೂ ಇಲ್ಲ, ಹಾಗಾಗಿ ಮೇಲಿದ್ದ ಮೂರನೇ ಪಾಯಿಂಟಲ್ಲಿ ಊಟ, ನೀರು, ಬೆಚ್ಚಗಿನ ಜಾಗ ಏನೂ ಇಟ್ಟಿರ್ಲಿಲ್ಲ. ಅಲ್ಲಿ ತಲುಪಿದ್ರೂ ರೇಸ್ ಬಿಟ್ಟು ಇಳಿದು ಹೋಗೋಕೆ ವ್ಯವಸ್ಥೆ ಇಲ್ಲ, ಮುಂದಕ್ಕೇ ಹೋಗ್ಬೇಕು. ಇಡೀ ಕೋರ್ಸಲ್ಲಿ ಅತಿ ಅಪಾಯದ ಜಾಗ ಯಾವುದೋ ಅತಿ ಕಡಿಮೆ ವ್ಯವಸ್ಥೆ ಇದ್ದಿದ್ದೂ ಅದೇ ಜಾಗದಲ್ಲಿ. ಗಾಳಿ ತಡೆಯೋ ಜಾಕೆಟ್ "ತಂದ್ರೆ ಒಳ್ಳೇದು" ಅನ್ನೋ ಲಿಸ್ಟಲ್ಲಿತ್ತು, ಕಡ್ಡಾಯ ಲಿಸ್ಟಲ್ಲಿ ಇರ್ಲಿಲ್ಲ, ತುಂಬಾ ಜನ ತಮ್ಮ ಬೆಚ್ಚಗಿನ ಬಟ್ಟೆನ ಡ್ರಾಪ್ ಬ್ಯಾಗಲ್ಲಿ ಹಾಕಿ 60 ಕಿಲೋಮೀಟರ್ ಆಚೆಯ ಪಾಯಿಂಟಿಗೆ ಕಳಿಸ್ಬಿಟ್ಟಿದ್ರು. ಬದುಕುಳಿದ ಓಟಗಾರರೊಬ್ಬರು ಆಮೇಲೆ ಬರ್ಕೊಂಡ ಪ್ರಕಾರ ಅವರು ಸುತ್ಕೊಂಡ ತೆಳು ಎಮರ್ಜೆನ್ಸಿ ಬ್ಲಾಂಕೆಟ್ ಆ ಗಾಳಿಗೆ ಹರಿದು ಹೋಯ್ತು, ಮತ್ತೆ ಮತ್ತೆ ಬಿದ್ರು, ಟ್ರ್ಯಾಕರ್‌ನ ಎಸ್‌ಒಎಸ್ ಬಟನ್ ಒತ್ತಿ ಪ್ರಜ್ಞೆ ತಪ್ಪಿದ್ರು. ಕಾಪಾಡಿದ್ದು ಝು ಕೆಮಿಂಗ್ ಅನ್ನೋ ಕುರಿಗಾಹಿ. ಮಳೆಗೆ ಗುಹೆ ಹೊಕ್ಕಿದ್ದ ಅವರು ಒಟ್ಟು ಆರು ಜನರನ್ನ ಒಳಗೆ ಕರ್ಕೊಂಡು ಬೆಂಕಿ ಹಾಕಿ ಉಳಿಸಿದ್ರು.

ಹೈಪೋಥರ್ಮಿಯಾ, ಅಂದ್ರೆ ಮೈ ಅತಿಯಾಗಿ ತಣ್ಣಗಾಗೋದರ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ, ಅದು ಹಿಮಾಲಯದ ಕಾಯಿಲೆ ಅಂತ. ಓಡುವಾಗ ಮೈ ಒಲೆ ಥರ ಉರೀತಿರತ್ತೆ, ಹಾಗಾಗಿ ತೆಳು ಬಟ್ಟೆ ಸಾಕಾಗತ್ತೆ. ಏರು ಕಡಿದಾಗಿ ಓಟ ಹೋಗಿ ನಡಿಗೆ ಆದ ಕೂಡ್ಲೆ ಒಳಗೆ ಹುಟ್ಟೋ ಶಾಖ ಇಳಿಯತ್ತೆ, ಬಟ್ಟೆ ಒದ್ದೆ, ಮೇಲಿಂದ ಗಾಳಿ, ಹೊಟ್ಟೇಲಿ ಏನೂ ಇಲ್ಲ. ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಹೋದ್ರೆ ನಡುಕ, ಮಾತು ತೊದಲೋದು, ಕಾಲು ತಡವರಿಸೋದು, ಆಮೇಲೆ ಸರಿಯಾಗಿ ಯೋಚನೆ ಮಾಡೋ ಶಕ್ತಿನೇ ಹೋಗತ್ತೆ. ಇದಕ್ಕೆ ಸೊನ್ನೆ ಡಿಗ್ರಿ ಬೇಕಾಗಿಲ್ಲ, ಮಳೆ ಗಾಳಿ ಸೇರಿದ್ರೆ 10–12 ಡಿಗ್ರಿ ಸಾಕು. ಪ್ರತಿ 1,000 ಮೀಟರ್ ಮೇಲೆ ಹೋದ್ರೆ ಸುಮಾರು 6 ಡಿಗ್ರಿ ಕಮ್ಮಿ ಆಗತ್ತೆ ಅನ್ನೋ ಲೆಕ್ಕದಲ್ಲಿ 1,900 ಮೀಟರ್ ದಾಟೋ ಮುಳ್ಳಯ್ಯನಗಿರಿ ಸಾಲಲ್ಲಿ ಬೆಳಗಿನ ಜಾವ ಮಳೆ ಹಿಡಿದ್ರೆ ಒದ್ದೆ ಟೀ ಶರ್ಟಲ್ಲಿ ಇರೋನ ಗತಿ ಏನು ಅಂತ ಯೋಚನೆ ಮಾಡಿ.

ಗಾನ್ಸುವಲ್ಲಿ ಇನ್ನೊಂದು ವಿಷ್ಯ ಇತ್ತು, ಅದನ್ನ ಯಾರೂ ಅಷ್ಟಾಗಿ ಮಾತಾಡಲ್ಲ. ರೇಸ್ ಮುಗಿಸಿದ ಪ್ರತಿಯೊಬ್ರಿಗೂ 1,600 ಯುವಾನ್ ಬಹುಮಾನ ಇತ್ತು. ಗೆದ್ದೋರಿಗೆ ಮಾತ್ರ ಅಲ್ಲ, ಫಿನಿಷ್ ಮಾಡಿದ ಎಲ್ರಿಗೂ. ಓಟದಿಂದಲೇ ಒಂದಿಷ್ಟು ಸಂಪಾದನೆ ಮಾಡೋ ಜನಕ್ಕೆ ಅರ್ಧಕ್ಕೆ ಬಿಡೋದು ಅಂದ್ರೆ ಕೈಗೆ ಬಂದಿದ್ದನ್ನ ಬಿಟ್ಟಂಗೆ. ನಿಯಮ, ಬಹುಮಾನ, ಕಟ್‌ಆಫ್ (ಇಷ್ಟೊತ್ತಿಗೆ ಇಲ್ಲಿ ತಲುಪ್ದಿದ್ರೆ ಓಟದಿಂದ ಹೊರಗೆ ಅನ್ನೋ ಗಡುವು) ಇವೆಲ್ಲ ಓಟಗಾರರ ತಲೇಲಿ ಕೂತು ಕೆಲಸ ಮಾಡ್ತವೆ, ಆಯೋಜಕರು ಅದನ್ನ ಮೊದಲೇ ಲೆಕ್ಕ ಹಾಕ್ಬೇಕು. ಹಿಂದಿನ ದಿನವೇ ಗಾಳಿ ಬಗ್ಗೆ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು, ಆದ್ರೂ ರೇಸ್ ನಡೀತು. ತನಿಖೆ ನಂತರ ಆಯೋಜಕರಲ್ಲಿ ಕೆಲವರನ್ನ ಬಂಧಿಸಿದ್ರು, ಸ್ಥಳೀಯ ಅಧಿಕಾರಿಗಳ ಮೇಲೆ ಕ್ರಮ ಆಯ್ತು, ಇಡೀ ದೇಶದಲ್ಲಿ ಇಂಥ ರೇಸ್‌ಗಳನ್ನ ಕೆಲಕಾಲ ನಿಲ್ಲಿಸಿದ್ರು. ಒಂದು ರೇಸಿನ ತಪ್ಪಿಗೆ ಒಳ್ಳೇ ಆಯೋಜಕರೂ ಬೆಲೆ ತೆತ್ರು.

ಈಗ ಇದರ ಎದುರಿಗೆ ಯೂರೋಪಿನ ಮೌಂಟ್ ಬ್ಲಾಂಕ್ ಸುತ್ತ ನಡೆಯೋ ಯುಟಿಎಂಬಿ ಅನ್ನೋ ರೇಸನ್ನ ಇಟ್ಟು ನೋಡಿ. ಸುಮಾರು 170 ಕಿಲೋಮೀಟರ್, 10,000 ಮೀಟರ್ ಹತ್ತಿರದ ಏರು, 2003ರಿಂದ ನಡೀತಿದೆ. ಅಲ್ಲಿ ಹುಡ್ ಇರೋ ವಾಟರ್‌ಪ್ರೂಫ್ ಜಾಕೆಟ್, ಹೆಡ್‌ಲ್ಯಾಂಪ್, ಸೀಟಿ, ಸರ್ವೈವಲ್ ಬ್ಲಾಂಕೆಟ್, ಮೊಬೈಲು, ಬೆಚ್ಚಗಿನ ಬಟ್ಟೆ, ನೀರು, ತಿನ್ನೋಕೆ ಒಂದಿಷ್ಟು ಇವೆಲ್ಲ ಕಡ್ಡಾಯ, ದಾರಿ ಮಧ್ಯೆ ಯಾವಾಗ ಬೇಕಾದ್ರೂ ಚೆಕ್ ಮಾಡ್ತಾರೆ, ಇಲ್ದಿದ್ರೆ ಪೆನಾಲ್ಟಿ. 2010ರಲ್ಲಿ ಹವೆ ಕೆಟ್ಟು ಶುರುವಾದ ರೇಸನ್ನೇ ನಿಲ್ಲಿಸಿದ್ರು. 2012ರಲ್ಲಿ ಮೇಲೆ ಹಿಮ ಬಿದ್ದಿದೆ ಅಂತ ಸುಮಾರು 100 ಕಿಲೋಮೀಟರಿಗೆ ಇಳಿಸಿ ಕೆಳಗಿನ ದಾರೀಲಿ ಓಡಿಸಿದ್ರು. ಪ್ರಪಂಚದ ಎಲ್ಲಾ ಮೂಲೆಯಿಂದ ಟಿಕೆಟ್ ಮಾಡಿಸ್ಕೊಂಡು ಬಂದವರ ಮುಂದೆ ಇದನ್ನ ಹೇಳೋದು ಸುಲಭ ಅಲ್ಲ. ಆದ್ರೆ ಅವರ ಹತ್ರ ಇನ್ನೊಂದು ದಾರಿ ಮೊದಲೇ ರೆಡಿ ಇತ್ತು, ಅದಕ್ಕೇ ಆಯ್ತು. ರೇಸಿನ ಮರ್ಯಾದೆ ಏನೂ ಕಮ್ಮಿ ಆಗ್ಲಿಲ್ಲ, ಇವತ್ತಿಗೂ ಸೀಟು ಸಿಗೋಕೆ ಲಾಟರಿ. ಹಾಗಂತ ಅಲ್ಲಿ ಸಾವೇ ಆಗಿಲ್ಲ ಅಂತಲ್ಲ, 2021ರಲ್ಲಿ ಯುಟಿಎಂಬಿ ವಾರದಲ್ಲೇ ನಡೆಯೋ ಟಿಡಿಎಸ್ ಅನ್ನೋ ಇನ್ನೊಂದು ರೇಸಲ್ಲಿ ಇಳಿಜಾರಲ್ಲಿ ಬಿದ್ದು ಒಬ್ಬರು ತೀರ್ಕೊಂಡ್ರು, ಹೆಲಿಕಾಪ್ಟರ್ ಬರೋ ಜಾಗ ಬಿಡಿಸೋಕೆ ಹಿಂದಿದ್ದ ಸಾವಿರಕ್ಕೂ ಹೆಚ್ಚು ಜನರನ್ನ ಆ ರಾತ್ರಿಯೇ ತಡೆದು ವಾಪಸ್ ಕಳಿಸಿದ್ರು. ಬೆಟ್ಟದಲ್ಲಿ ಅಪಾಯ ಸೊನ್ನೆ ಆಗಲ್ಲ. ಅಪಾಯ ಆದಾಗ ಏನು ಮಾಡೋದು ಅಂತ ಗೊತ್ತಿರೋದು ಬೇರೆ ಮಾತು.

ಸುರಕ್ಷತೆ ಜಾಸ್ತಿ ಮಾಡಿದ್ರೆ ರೇಸ್ ಸಪ್ಪೆ ಆಗತ್ತೆ ಅನ್ನೋರಿಗೆ ಸ್ಕಾಟ್ಲೆಂಡಿನ ಬೆನ್ ನೆವಿಸ್ ರೇಸ್ ನೋಡಿ ಅಂತೀನಿ. ಬರೀ 14 ಕಿಲೋಮೀಟರ್, 1,340 ಮೀಟರ್ ಹತ್ತಿ ಇಳಿಯೋದು. ಮಳೆ ಬಟ್ಟೆ ಇಲ್ದೆ ಬಿಡಲ್ಲ, ತಡವಾದ್ರೆ ಮಧ್ಯದಲ್ಲೇ ವಾಪಸ್ ತಿರುಗಿಸ್ತಾರೆ. ಅಷ್ಟೆಲ್ಲ ಕಟ್ಟುನಿಟ್ಟು ಇದ್ರೂ ಅದರ ಕಷ್ಟ ಕಮ್ಮಿ ಆಗಿಲ್ಲ, 1984ರಲ್ಲಿ ಕೆನ್ನಿ ಸ್ಟುವರ್ಟ್ ಮಾಡಿದ 1 ಗಂಟೆ 25 ನಿಮಿಷ 34 ಸೆಕೆಂಡಿನ ದಾಖಲೆನ ದಶಕಗಟ್ಲೆ ಯಾರಿಗೂ ಮುರಿಯೋಕೆ ಆಗ್ಲಿಲ್ಲ. ಕಷ್ಟ ಬೇಕು ಅಂದ್ರೆ ಬೆಟ್ಟವೇ ಬೇಕಾದಷ್ಟು ಕೊಡತ್ತೆ.

ನಮ್ಮ ಪಶ್ಚಿಮ ಘಟ್ಟಕ್ಕೆ ಬರೋಣ. ಇಲ್ಲಿನ ಅಪಾಯದ ಪಟ್ಟಿ ಆಲ್ಪ್ಸ್‌ದಲ್ಲ, ಹಾಗಾಗಿ ಅಲ್ಲಿನ ರೂಲ್‌ಬುಕ್ಕನ್ನ ಹಾಗೇ ಕಾಪಿ ಹೊಡೆದ್ರೆ ಸಾಲಲ್ಲ. ಮೊದಲನೇದಾಗಿ ಆನೆ. 2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳು, ದೇಶದಲ್ಲೇ ಜಾಸ್ತಿ. ಹಾಸನ, ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಅವು ಓಡಾಡೋದು ದಿನನಿತ್ಯದ ಮಾತು. 100 ಕಿಲೋಮೀಟರ್ ರೇಸ್ ಅಂದ್ರೆ ನಸುಕಲ್ಲಿ ಶುರುವಾಗಿ ಕತ್ತಲಾದ ಮೇಲೂ ನಡಿಯತ್ತೆ, ಆನೆ ಓಡಾಡೋ ಹೊತ್ತೂ ಸುಮಾರಾಗಿ ಅದೇ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಒಬ್ರೇ ಹೋಗ್ತಿರೋ ಓಟಗಾರ ತಿರುವಲ್ಲಿ ಒಂಟಿ ಸಲಗದ ಎದುರಿಗೆ ಬಂದ್ರೆ ಓಡಿ ತಪ್ಪಿಸ್ಕೊಳ್ಳೋ ಮಾತೇ ಇಲ್ಲ. ಇದಕ್ಕೆ ಮದ್ದು ತೋಟದ ಕೆಲಸಗಾರರು, ಅರಣ್ಯ ಇಲಾಖೆಯ ವಾಚರ್‌ಗಳು. ನಿನ್ನೆ ಸಂಜೆ ಹಿಂಡು ಯಾವ ಕಡೆ ಇತ್ತು, ಲದ್ದಿ ಹಸಿ ಇದೆಯಾ ಒಣಗಿದೆಯಾ ಅಂತ ಅವರು ನೋಡಿ ಹೇಳ್ತಾರೆ. ರಾತ್ರಿ ಕತ್ತಲಲ್ಲಿ ಹೋಗೋ ಭಾಗಗಳಿಗೆ ಜೊತೆಗಾರರಿಲ್ದೆ ಯಾರನ್ನೂ ಬಿಡ್ಬಾರ್ದು, ಇಯರ್‌ಫೋನ್ ಹಾಕೋಕೇ ಬಿಡ್ಬಾರ್ದು, ಒಂದು ಭಾಗದಲ್ಲಿ ಆನೆ ಇದೆ ಅಂತ ಸುದ್ದಿ ಬಂದ್ರೆ ಅಲ್ಲಿಗೆ ಮುಂಚಿನ ಚೆಕ್‌ಪಾಯಿಂಟಲ್ಲೇ ಎಲ್ಲರನ್ನೂ ನಿಲ್ಲಿಸಿ ನಿಂತ ಸಮಯವನ್ನ ಲೆಕ್ಕದಿಂದ ಕಳೀಬೇಕು. ಸಮಯ ಕಳೆದು ಕೊಡ್ತೀವಿ ಅಂತ ರೂಲಲ್ಲಿ ಬರೆದಿದ್ರೆ ಓಟಗಾರರು ಜಗಳ ಮಾಡ್ದೆ ನಿಲ್ತಾರೆ, ಇಲ್ದಿದ್ರೆ ಸಂದೀಲಿ ನುಸುಳಿ ಹೋಗೋರು ಇದ್ದೇ ಇರ್ತಾರೆ.

ಹೆಜ್ಜೇನು ಇನ್ನೊಂದು. ರೂಟ್ ಹಾಕುವಾಗ ಬಂಡೆ, ದೊಡ್ಡ ಮರಗಳನ್ನ ತಲೆ ಎತ್ತಿ ನೋಡ್ಬೇಕು, ಡ್ರೋನ್ ಹಾರಿಸೋ ವಿಡಿಯೋದವರಿಗೂ ಹೇಳ್ಬೇಕು. ಹಾವು ಕಡಿತಕ್ಕೆ ಆ್ಯಂಟಿವೆನಮ್ ಯಾವ ಆಸ್ಪತ್ರೇಲಿ ಇದೆ ಅಂತ ಹಿಂದಿನ ದಿನ ಫೋನ್ ಮಾಡಿ ಕೇಳಿಟ್ಕೋಬೇಕು, ಹತ್ತಿರದ ಆಸ್ಪತ್ರೇಲೇ ಇರತ್ತೆ ಅಂತ ಊಹೆ ಮಾಡ್ಬಾರ್ದು.

ಮಂಗನ ಕಾಯಿಲೆ ಬಗ್ಗೆ ರೇಸ್ ಆಯೋಜಕರು ಮಾತಾಡಿದ್ದು ನಾನು ಕೇಳೇ ಇಲ್ಲ, ಇದು ನಂಗೆ ತುಂಬಾ ಬೇಜಾರಿನ ವಿಷ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆಗಿದ್ದು, ಉಣ್ಣೆ ಅನ್ನೋ ರಕ್ತ ಹೀರೋ ಹುಳದಿಂದ ಹರಡತ್ತೆ, ಡಿಸೆಂಬರಿಂದ ಮೇ ತನಕ ಜಾಸ್ತಿ. ಚಳಿಗಾಲದ ಟ್ರೇಲ್ ರೇಸ್‌ಗಳೂ ಅದೇ ಕಾಲದಲ್ಲಿ, ಅದೇ ಮಲೆನಾಡಲ್ಲಿ. ಉಣ್ಣೆ ಕಚ್ಚಿ 3ರಿಂದ 8 ದಿನ ಆದ್ಮೇಲೆ ಜ್ವರ ಬರೋದ್ರಿಂದ ಅಷ್ಟೊತ್ತಿಗೆ ಓಟಗಾರ ಬೆಂಗಳೂರಿನ ಆಫೀಸಲ್ಲಿರ್ತಾನೆ, ಅಲ್ಲಿನ ಡಾಕ್ಟರಿಗೆ ಡೆಂಗಿ ಅನ್ನಿಸ್ಬಹುದು, ಮಲೆನಾಡಿನ ಕಾಡಲ್ಲಿ ಓಡಿದ್ದೆ ಅಂತ ರೋಗಿ ಹೇಳ್ದೆ ಇದ್ರೆ ಯಾರಿಗೂ ಹೊಳೆಯಲ್ಲ. ಆಯೋಜಕರು ಮಾಡ್ಬೇಕಾಗಿರೋದು ದೊಡ್ಡದೇನಲ್ಲ, ರೂಟಿನ ಊರುಗಳಲ್ಲಿ ಮಂಗ ಸತ್ತಿರೋ ಸುದ್ದಿ ಇದೆಯಾ ಅಂತ ಆರೋಗ್ಯ ಇಲಾಖೆ ಹತ್ರ ವಿಚಾರಿಸೋದು, ಇದ್ರೆ ರೂಟ್ ಬದಲಾಯಿಸೋದು, ರೇಸ್ ಆದ್ಮೇಲೆ ಎಲ್ರಿಗೂ ಒಂದು ಮೆಸೇಜ್ ಹಾಕೋದು, ಎರಡು ವಾರದೊಳಗೆ ಜ್ವರ ಬಂದ್ರೆ ಎಲ್ಲಿ ಓಡಿದ್ರಿ ಅಂತ ಡಾಕ್ಟರಿಗೆ ಹೇಳಿ ಅಂತ.

ಬಿಸಿಲಿನದೂ ಇದೆ, ಕರಾವಳಿ ಕಡೆಯ ಸೆಕೆ ಇರೋ ಇಳಿಜಾರುಗಳಲ್ಲಿ ವಿಶೇಷವಾಗಿ. ಓಡ್ತಾ ಓಡ್ತಾ ಯಾರಾದ್ರೂ ಅಸಂಬದ್ಧ ಮಾತಾಡೋಕೆ ಶುರು ಮಾಡಿ ಕುಸಿದ್ರೆ, ಮೈ ಕೆಂಡ ಆಗಿದ್ರೆ, ಆ್ಯಂಬುಲೆನ್ಸಿಗೆ ಹಾಕಿ ಓಡಿಸೋದಕ್ಕಿಂತ ಮೊದಲು ಅಲ್ಲೇ ತಣ್ಣೀರಲ್ಲಿ ಮುಳುಗಿಸಿ ಮೈ ತಣ್ಣಗೆ ಮಾಡ್ಬೇಕು. ಮೊದಲು ತಣಿಸು, ಆಮೇಲೆ ಸಾಗಿಸು ಅನ್ನೋದು ಕ್ರೀಡಾ ವೈದ್ಯಕೀಯದಲ್ಲಿ ಒಪ್ಪಿರೋ ಪದ್ಧತಿ, ಮೊದಲ ಅರ್ಧ ಗಂಟೆ ಮುಖ್ಯ. ತೋಟದ ಮನೇಲಿ ಇರೋ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು, ನಾಲ್ಕು ಮೂಟೆ ಐಸು ಇದ್ರೆ ಒಂದು ಜೀವ ಉಳಿಯತ್ತೆ. ಹಾಗೇ ಬರೀ ನೀರು ಕುಡಿತಾ ಹೋಗಿ ಉಪ್ಪಿನಂಶ ಇಳಿದು ಬೀಳೋದೂ ಇದೆ, ಮೇಲುನೋಟಕ್ಕೆ ಅದೂ ಸುಸ್ತಾದಂಗೇ ಕಾಣತ್ತೆ, ಅಂಥವರಿಗೆ ಇನ್ನಷ್ಟು ನೀರು ಕುಡಿಸಿದ್ರೆ ಅಪಾಯ. ಚೆಕ್‌ಪಾಯಿಂಟಲ್ಲಿ ನಿಲ್ಲೋ ವಾಲಂಟಿಯರ್‌ಗೆ ಈ ವ್ಯತ್ಯಾಸ ಒಂದು ಸಂಜೆ ಕೂರಿಸಿ ಹೇಳ್ಕೊಟ್ರೆ ಸಾಕು, ಆದ್ರೆ ಆ ಒಂದು ಸಂಜೆಗೇ ಯಾರೂ ಟೈಮ್ ಇಡಲ್ಲ.

ನನ್ನ ಕೇಳಿದ್ರೆ ಒಂದು ರೇಸ್ ಚೆನ್ನಾಗಿ ನಡೀತಿದೆಯಾ ಇಲ್ವಾ ಅಂತ ಗೊತ್ತಾಗೋದು ಲೆಕ್ಕದಲ್ಲಿ. ಈ ಕ್ಷಣಕ್ಕೆ ಬೆಟ್ಟದ ಮೇಲೆ ಎಷ್ಟು ಜನ ಇದಾರೆ, ಯಾರು ಯಾರು, ಕೊನೇದಾಗಿ ಎಲ್ಲಿ ಎಷ್ಟೊತ್ತಿಗೆ ಕಂಡ್ರು? ಈ ಪ್ರಶ್ನೆಗೆ ರೇಸ್ ಡೈರೆಕ್ಟರ್ ಎರಡು ನಿಮಿಷದಲ್ಲಿ ಉತ್ತರ ಕೊಡೋಕಾಗ್ದಿದ್ರೆ ಉಳಿದ ಮೆಡಲ್ಲು, ಟೀ ಶರ್ಟು, ಫೋಟೋ ಎಲ್ಲ ವ್ಯರ್ಥ. ಅಲಾಸ್ಕಾದ ಸೀವರ್ಡ್ ಊರಲ್ಲಿ ಜುಲೈ 4ಕ್ಕೆ ನಡೆಯೋ ಮೌಂಟ್ ಮ್ಯಾರಥಾನ್ ರೇಸ್ ನೂರು ವರ್ಷದ ಇತಿಹಾಸ ಇರೋದು, ಊರಿಂದಲೇ ಕಾಣೋ ಬೆಟ್ಟ, ಓಟಗಾರರು ಹತ್ತೋ ಎತ್ತರ ಸಾವಿರ ಮೀಟರೂ ಇಲ್ಲ. 2012ರಲ್ಲಿ ಅಲ್ಲಿ ಕೊನೆಯಲ್ಲಿ ಹತ್ತುತಿದ್ದ ಒಬ್ಬ ಓಟಗಾರರನ್ನ ತುದಿ ಹತ್ರ ರೇಸ್ ಸಿಬ್ಬಂದಿ ನೋಡಿದ್ರು, ಅವರು ಕೆಲಸ ಮುಗಿಸಿ ಇಳೀತಿದ್ರು, ಇವರು ಇನ್ನೂ ಹತ್ತುತಿದ್ರು. ಆಮೇಲೆ ಆ ಓಟಗಾರ ಸಿಗ್ಲೇ ಇಲ್ಲ. ಸಿಬ್ಬಂದಿ ಇಳಿಬೇಕಾಗಿದ್ದು ಕೊನೆಯ ಓಟಗಾರರ ಹಿಂದೆ, ಮುಂದೆ ಅಲ್ಲ. ಕೊನೆಯವರ ಹಿಂದೆಯೇ ಬರೋ ಸ್ವೀಪರ್ ಅನ್ನೋರು ಇರೋದು ಇದಕ್ಕೇ.

ಹಾಗಾಗಿ ಲೆಕ್ಕದ ಕೆಲಸ ಹೇಗೆ ನಡಿಯತ್ತೆ ಅಂತ ಹತ್ರದಿಂದ ನೋಡ್ಬೇಕು. ಟೈಮಿಂಗ್ ಚಿಪ್ ಇದೆ ಅಂತ ನೆಚ್ಕೊಂಡು ಕೂರೋಕಾಗಲ್ಲ, ಮಳೆಗೆ ಚಿಪ್ ಓದೋ ಮ್ಯಾಟ್ ಕೈಕೊಡತ್ತೆ, ನೆಟ್‌ವರ್ಕ್ ಇರಲ್ಲ. ಪ್ರತಿ ಚೆಕ್‌ಪಾಯಿಂಟಲ್ಲಿ ಇಬ್ಬರು ಕೂರ್ಬೇಕು, ಒಬ್ರು ಬಿಬ್ (ಓಟಗಾರರ ಎದೆ ಮೇಲಿನ ಚೀಟಿ) ನಂಬರ್ ಜೋರಾಗಿ ಓದೋದು, ಇನ್ನೊಬ್ರು ಬರೆಯೋದು. ಪೆನ್ನಲ್ಲ, ಪೆನ್ಸಿಲ್ಲು, ಒದ್ದೆ ಹಾಳೆ ಮೇಲೆ ಪೆನ್ನು ಬರಿಯಲ್ಲ. ಹಾಳೆ ಮೇಲೆ ಟಾರ್ಪಾಲು. ಬಿಬ್ಬು ಜಾಕೆಟ್ ಒಳಗೆ ಮುಚ್ಚಿಹೋಗಿದ್ರೆ ನಿಲ್ಲಿಸಿ ತೆಗಿಸಿ ನೋಡೋದು. ರೇಸ್ ಬಿಟ್ಟೋರು ಬಿಬ್ ವಾಪಸ್ ಕೊಟ್ಟೇ ಹೋಗ್ಬೇಕು, ಯಾರಿಗೂ ಹೇಳ್ದೆ ಸ್ನೇಹಿತರ ಕಾರಲ್ಲಿ ರೂಮಿಗೆ ಹೋಗಿ ಮಲ್ಗಿರೋ ಒಬ್ಬರಿಗೋಸ್ಕರ ಇಪ್ಪತ್ತು ಜನ ರಾತ್ರಿಯೆಲ್ಲ ಕಾಡಲ್ಲಿ ಹುಡುಕೋ ಹಾಗಾಗತ್ತೆ. ದಯವಿಟ್ಟು ಇದನ್ನ ಓಟಗಾರರೂ ಸೀರಿಯಸ್ಸಾಗಿ ತಗೊಳ್ಳಿ.

ಲೆಕ್ಕ ಬರೆದ್ರೆ ಸಾಲಲ್ಲ, ಅದು ರೇಸ್ ನಡೆಸೋರು ಕೂತಿರೋ ಬೇಸ್‌ಗೆ ತಲುಪ್ಬೇಕು. ವಿದೇಶದಲ್ಲಿ ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸ್ಯಾಟಲೈಟ್ ಮೆಸೆಂಜರ್ ಬಳಸ್ತಾರೆ ಅಂತ ಇಲ್ಲಿಗೆ ತರೋ ಹಾಗಿಲ್ಲ, ಭಾರತದಲ್ಲಿ ಪರವಾನಗಿ ಇಲ್ದೆ ಅದು ಕಾನೂನುಬಾಹಿರ, 2024ರ ಡಿಸೆಂಬರಲ್ಲಿ ಗಾರ್ಮಿನ್ ಇನ್‌ರೀಚ್ ಅನ್ನೋ ಅಂಥದೇ ಸಾಧನ ಇಟ್ಕೊಂಡಿದ್ದಕ್ಕೆ ಕೆನಡಾದ ಟ್ರೇಲ್ ಓಟಗಾರ್ತಿಯೊಬ್ಬರನ್ನ ಗೋವಾ ಏರ್‌ಪೋರ್ಟಲ್ಲಿ ಹಿಡಿದಿದ್ರು. ನಮಗೆ ಇರೋ ಒಳ್ಳೇ ದಾರಿ ಹ್ಯಾಮ್ ರೇಡಿಯೋ, ಅಂದ್ರೆ ಹವ್ಯಾಸಿಗಳು ಲೈಸೆನ್ಸ್ ತಗೊಂಡು ನಡೆಸೋ ವೈರ್‌ಲೆಸ್. ಬೆಂಗಳೂರಲ್ಲಿ ಲೈಸೆನ್ಸ್ ಇರೋ ಹ್ಯಾಮ್‌ಗಳ ದೊಡ್ಡ ಬಳಗವೇ ಇದೆ, ರ‍್ಯಾಲಿ, ನೆರೆ ಪರಿಹಾರ ಅಂತ ಕೆಲಸ ಮಾಡಿದ ಅನುಭವ ಇರೋರು. ಗುಡ್ಡದ ನೆತ್ತಿ ಮೇಲೆ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ಒಂದು ರಿಪೀಟರ್ ಇಟ್ರೆ ಎರಡು ಕಣಿವೆ ಮಾತಾಡ್ತವೆ. ಅವರನ್ನ ರೇಸಿಗೆ ಎರಡು ತಿಂಗಳ ಮುಂಚೆ ಕರೆದು ರೂಟ್ ತೋರಿಸ್ಬೇಕು, ಹಿಂದಿನ ವಾರ ನೆನಪಾದ್ರೆ ಪ್ರಯೋಜನ ಇಲ್ಲ.

ಕೋರ್ಸ್ ಡಿಸೈನ್ ಅನ್ನೋದು ನಿಜವಾಗ್ಲೂ ಒಂದು ಕಲೆ. ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಸ್ಥೆ ಐಟಿಆರ್‌ಎ ಒಂದು ಸರಳ ಲೆಕ್ಕ ಇಟ್ಟಿದೆ, ದೂರ ಕಿಲೋಮೀಟರಲ್ಲಿ, ಅದಕ್ಕೆ ಪ್ರತಿ 100 ಮೀಟರ್ ಏರಿಗೆ ಒಂದು ಸೇರಿಸು. ಅಂದ್ರೆ 50 ಕಿಲೋಮೀಟರ್, 2,500 ಮೀಟರ್ ಏರಿನ ರೇಸ್ 75ಕ್ಕೆ ಸಮ. ಇದು ಒಳ್ಳೇ ಶುರು, ಆದ್ರೆ ಏರು ಎಲ್ಲಿ ಬರತ್ತೆ ಅನ್ನೋದು ಈ ಲೆಕ್ಕಕ್ಕೆ ಸಿಗಲ್ಲ. ಅತಿ ಕಡಿದಾದ ಕಲ್ಲಿನ ಇಳಿಜಾರನ್ನ 40ನೇ ಕಿಲೋಮೀಟರಲ್ಲಿ ತೊಡೆ ಸೋತಾಗ ಇಟ್ರೆ ಅದು ಬೀಳಿಸೋಕೆ ಇಟ್ಟಂಗೆ, ಅದನ್ನೇ 15ರಲ್ಲಿ ಇಟ್ಟು ಕೊನೆಗೆ ಒಂದು ಉದ್ದ ಜೀಪ್ ರೋಡಿನ ಏರು ಇಟ್ರೆ ಮನಸ್ಸನ್ನೂ ಕಾಲನ್ನೂ ಪೂರಾ ಪರೀಕ್ಷೆ ಮಾಡತ್ತೆ, ಬಿದ್ರೂ ಗಾಡಿ ಬರತ್ತೆ. ಈ ವಿಷ್ಯದಲ್ಲಿ ಕಾಫಿ ತೋಟಗಳು ನಮಗೆ ಸಿಕ್ಕಿರೋ ದೊಡ್ಡ ಭಾಗ್ಯ, ಒಳಗಡೆ ಜೀಪ್ ದಾರಿಗಳ ಜಾಲವೇ ಇದೆ. ಸ್ಟ್ರೆಚರ್ ಮೇಲೆ ಒಬ್ಬರನ್ನ ಕಾಲುದಾರೀಲಿ ಹೊತ್ತು ತರೋಕೆ ಕನಿಷ್ಠ ಆರೆಂಟು ಜನ ಬೇಕು, ಗಂಟೆಗೆ ಒಂದು ಕಿಲೋಮೀಟರ್ ಸಾಗಿದ್ರೆ ದೊಡ್ಡದು, ಹಾಗಾಗಿ ಕೋರ್ಸಿನ ಯಾವ ಜಾಗದಿಂದ ಗಾಡಿ ದಾರಿ ಎಷ್ಟು ದೂರ ಅಂತ ಮ್ಯಾಪಲ್ಲಿ ಗುರುತು ಹಾಕಿ, ಆ ದೂರ ಜಾಸ್ತಿ ಇರೋ ಕಡೆ ಜನ ನಿಲ್ಲಿಸ್ಬೇಕು. ಗಾನ್ಸುವಲ್ಲಿ ಆಗಿದ್ದು ಇದರ ಉಲ್ಟಾ.

ಕಟ್‌ಆಫ್ ಬಗ್ಗೆ ಒಂದು ಮಾತು. ನವೆಂಬರಲ್ಲಿ ಇಲ್ಲಿ ಆರು ಗಂಟೆಗೆಲ್ಲ ಕತ್ತಲು. ಕಷ್ಟದ ಭಾಗಕ್ಕೆ ನಿಧಾನದ ಓಟಗಾರರು ಎಷ್ಟೊತ್ತಿಗೆ ಬರ್ತಾರೆ ಅಂತ ಲೆಕ್ಕ ಹಾಕಿ ಅಲ್ಲಿಗೆ ಮುಂಚೆ ಕಟ್‌ಆಫ್ ಇಟ್ರೆ ಕತ್ತಲಲ್ಲಿ ಯಾರೂ ಅಲ್ಲಿ ಸಿಕ್ಕಾಕ್ಕೊಳ್ಳಲ್ಲ. ಆದ್ರೆ "ಪಾಪ, ಐದೇ ನಿಮಿಷ ಲೇಟು" ಅಂತ ಬಿಡೋ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಆ ಕರುಣೆ ತೋರ್ಸೋ ವಾಲಂಟಿಯರ್ ಮನೆಗೆ ಹೋಗ್ತಾನೆ, ಆಮೇಲೆ ರಾತ್ರಿ ಹತ್ತಕ್ಕೆ ಹುಡುಕೋಕೆ ಹೋಗೋದು ಊರಿನ ಹುಡುಗರು.

ರೇಸ್ ನಿಲ್ಲಿಸೋ ಅಧಿಕಾರ ಯಾರ ಕೈಲಿರ್ಬೇಕು ಅನ್ನೋದು ಇದೆಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸ್ಪಾನ್ಸರ್‌ಗೆ ಉತ್ತರ ಕೊಡ್ಬೇಕಾದ ವ್ಯಕ್ತಿ ಕೈಲಿ ಇದ್ರೆ "ಇನ್ನೊಂದು ಅರ್ಧ ಗಂಟೆ ನೋಡೋಣ" ಅನ್ನೋದೇ ಆಗತ್ತೆ. ಅದಕ್ಕೆ ಬೇರೆ ಒಬ್ಬ ಸೇಫ್ಟಿ ಆಫೀಸರ್, ಜೊತೆಗೆ ಡಾಕ್ಟರ್, ಇಬ್ಬರಲ್ಲಿ ಒಬ್ರು ಬೇಡ ಅಂದ್ರೂ ನಿಲ್ಲಿಸ್ಬೇಕು. ಯಾವಾಗ ನಿಲ್ಲಿಸೋದು ಅನ್ನೋದು ರೇಸಿಗೆ ಮುಂಚೆನೇ ಬರೆದಿಡೋದು ಒಳ್ಳೇದು, ಸಿಡಿಲು ಮಿಂಚಿ 30 ಸೆಕೆಂಡೊಳಗೆ ಗುಡುಗು ಕೇಳಿದ್ರೆ ನೆತ್ತಿ ಮೇಲಿನ ಭಾಗ ಬಂದ್, ಹಳ್ಳದ ನೀರು ಬಂಡೆಗೆ ಹಾಕಿದ ಗುರುತಿಗಿಂತ ಮೇಲೆ ಬಂದ್ರೆ ಬಂದ್, ಈ ಥರ. ಗುರುತು ಹಾಕಿಟ್ರೆ ಆ ಗಳಿಗೇಲಿ ಚರ್ಚೆ ಮಾಡೋ ಅಗತ್ಯ ಬರಲ್ಲ.

ಇದೆಲ್ಲಕ್ಕೂ ದುಡ್ಡು ಬೇಕು, ಹೌದು. ಎಂಟ್ರಿ ಫೀ ಜಾಸ್ತಿ ಅಂತ ಬೈಯೋ ನಾವೂ ಅದರಲ್ಲಿ ಎಷ್ಟು ಡಾಕ್ಟರ್, ಆ್ಯಂಬುಲೆನ್ಸ್, ಸ್ವೀಪರ್‌ಗೆ ಹೋಗತ್ತೆ ಅಂತ ಕೇಳ್ಬೇಕು, ಬ್ಯಾಗು ಟೀ ಶರ್ಟು ಬೇಡ, ಆ ದುಡ್ಡಲ್ಲಿ ಇನ್ನೊಂದು ಆ್ಯಂಬುಲೆನ್ಸ್ ಇಡಿ ಅಂತ ಹೇಳ್ಬೇಕು. 2024ರ ಜನವರಿ ಕೊನೇಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಜನ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನದ ಮಿತಿ ಅಂತ ತಂತು. ರೇಸ್‌ಗಳಲ್ಲೂ ಒಂದು ದೊಡ್ಡ ಅನಾಹುತ ಆದ್ರೆ ಚೀನಾದಲ್ಲಾದಂಗೆ ಎಲ್ಲದಕ್ಕೂ ಬೀಗ ಬೀಳತ್ತೆ. ಅದಕ್ಕೆ ಮುಂಚೆ ಆಯೋಜಕರು ತಾವೇ ಒಂದು ಕೆಲಸ ಶುರು ಮಾಡ್ಬಹುದು. ರೇಸ್ ಆದ ತಿಂಗಳೊಳಗೆ ಎಷ್ಟು ಜನ ದಾರಿ ತಪ್ಪಿದ್ರು, ಎಲ್ಲಿ, ಎಷ್ಟು ಜನಕ್ಕೆ ಡ್ರಿಪ್ ಹಾಕಿದ್ರು, ರೇಡಿಯೋ ಎಲ್ಲಿ ಸತ್ತಿತ್ತು, ಸ್ವೀಪರ್ ಎಷ್ಟೊತ್ತಿಗೆ ವಾಪಸ್ ಬಂದ್ರು ಅಂತ ಎರಡು ಪುಟ ಬರೆದು ಎಲ್ಲರಿಗೂ ಕಾಣೋ ಹಾಗೆ ಹಾಕೋದು. ಮುಂದಿನ ಸಲ ಯಾವುದಾದ್ರೂ ರೇಸಿಗೆ ದುಡ್ಡು ಕಟ್ಟೋ ಮುಂಚೆ ಹೋದ ವರ್ಷದ ಆ ಎರಡು ಪುಟ ಕೊಡಿ ಅಂತ ಕೇಳಿ, ಕಟ್‌ಆಫ್ ಆದ್ಮೇಲೆ ಬೆಟ್ಟದ ಮೇಲಿರೋ ಕೊನೆಯವರನ್ನ ಯಾರು ಕರ್ಕೊಂಡು ಬರ್ತಾರೆ ಅಂತಲೂ ಕೇಳಿ.